ಮನೆಯ ಸಾಲ, ಮಗುವಿನ ಹೊಟ್ಟೆನೋವು

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಂಗನವಾಡಿಯಿಂದ): ಗಲ್ಫ್ ಕೆಲಸ ಹೋಗಿ ಅಪ್ಪ ಊರಿಗೆ ಮರಳಿದ್ದಾರೆ, ಮನೆಯಲ್ಲಿ ದಿನಾ ಸಾಲದ ಜಗಳ. 4 ವರ್ಷದ ಹುಡುಗಿ ಮತ್ತೆ ಹಾಸಿಗೆ ಒದ್ದೆ ಮಾಡುತ್ತಾಳೆ, ಬೆಳಗ್ಗೆ ಹೊಟ್ಟೆನೋವು ಅನ್ನುತ್ತಾಳೆ, ಅಮ್ಮನ ಸೆರಗು ಬಿಡುವುದಿಲ್ಲ. ಹಠವೋ?

ಉತ್ತರ 1: ಹಠ ಅಲ್ಲ ಟೀಚರೇ. ಹೆದರಿಕೆ ದಿನಗಟ್ಟಲೆ ಇಳಿಯದಿದ್ದರೆ ನಿದ್ದೆ, ಹೊಟ್ಟೆ ಎರಡೂ ಕೆಡುತ್ತವೆ, ಕಲಿತದ್ದೂ ಜಾರುತ್ತದೆ. ಆದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಸೋಂಕು, ಸಕ್ಕರೆ ಕಾಯಿಲೆ, ಮಲಬದ್ಧತೆಯಿಂದಲೂ ಹೀಗಾಗುತ್ತದೆ.

ಉತ್ತರ 2: ಅಮ್ಮ ಕಣ್ಣು ತಪ್ಪಿಸಿ ಹೋಗುವುದು ಬೇಡವೇ ಬೇಡ, ಮರುದಿನ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. "ಊಟ ಆದ ಮೇಲೆ ಬರ್ತೇನೆ" ಎಂದು ಹೇಳಿ ಹೋಗಲಿ, ಆ ಹೊತ್ತಿಗೇ ಬರಲಿ. ಸಂಜೆ 10 ನಿಮಿಷ ಮೊಬೈಲ್ ಬದಿಗಿಟ್ಟು ಆಡಲಿ, ಆಟ ಮಗುವೇ ಆರಿಸಲಿ. ಈ ವಯಸ್ಸಿನವರು ಜಗಳಕ್ಕೆ ತಾವೇ ಕಾರಣ ಅಂದುಕೊಳ್ಳುತ್ತಾರೆ. "ಅಪ್ಪನಿಗೆ ಕೆಲಸ ಇಲ್ಲದ್ದಕ್ಕೆ ಬೇಜಾರು, ನಿನ್ನಿಂದ ಅಲ್ಲ ಮಗಾ" ಎಂದು ಅಪ್ಪನೇ ಹೇಳಬೇಕು.

ಉತ್ತರ 3: ಅಮ್ಮನ ನಿದ್ದೆ, ಊಟವನ್ನೂ ವಿಚಾರಿಸಿ. ಅವರು ಕುಸಿದರೆ ಮಗುವಿಗೆ ಆಸರೆ ಯಾರು? ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ. ಹೊಡೆತ ಇದ್ದರೆ ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ತಿಂಗಳಾದರೂ ಇಳಿಯದಿದ್ದರೆ ಮಕ್ಕಳ ಡಾಕ್ಟರ ಬಳಿ ಹೋಗಲಿ. ಅಲ್ಲಿ ಮಲಯಾಳದಲ್ಲೇ ಕೇಳಿದರೆ ಕನ್ನಡದ ಮಗು ಸುಮ್ಮನಾಗುತ್ತದೆ, ಅದನ್ನೇ ಮಾತಿನ ತೊಂದರೆ ಎಂದು ಬರೆದುಕೊಳ್ಳುವ ಅಪಾಯವಿದೆ. ಮನೆಮಾತು ಯಾವುದೆಂದು ಮೊದಲೇ ತಿಳಿಸಿ.