‘ಇಂಡೀ’ ಆಲ್ಬಂ: ಕನ್ನಡದಲ್ಲಿ ಹೇಗೆ ಬರೆಯೋಣ?

ಗೆಳೆಯರೇ,

ಮ್ಯಾಂಚೆಸ್ಟರಿನ ಗಿಟಾರ್ ತಂಡ ‘ದ ಸ್ಮಿತ್ಸ್’ನ ಮೊದಲ ಆಲ್ಬಂ ಬಗ್ಗೆ ಬರೆಯುತ್ತಿದ್ದೇನೆ. 1984ರ ಫೆಬ್ರವರಿಯಲ್ಲಿ ಅದನ್ನು ಹೊರತಂದದ್ದು ರಫ್ ಟ್ರೇಡ್ ಅನ್ನುವ ರೆಕಾರ್ಡು ಕಂಪನಿ. ಇಂಥ ಕಂಪನಿಯನ್ನು ‘ಇಂಡಿಪೆಂಡೆಂಟ್ ಲೇಬಲ್’, ಚಿಕ್ಕದಾಗಿ ‘ಇಂಡೀ’ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನಬೇಕು?

‘ಲೇಬಲ್’ ಕಷ್ಟವಲ್ಲ. ಕ್ಯಾಸೆಟ್ ಕಾಲದಿಂದಲೂ ನಮ್ಮಲ್ಲಿ ‘ಆಡಿಯೋ ಕಂಪನಿ’ ಅನ್ನುವ ಮಾತಿದೆ. ಹಾಡಿನ ಹಕ್ಕು ಯಾವ ಕಂಪನಿಗೆ ಹೋಯಿತು ಅಂತಲೇ ಕೇಳುತ್ತೇವೆ ಅಲ್ವಾ? ಬರೀ ಲೇಬಲ್ ಅಂದರೆ ಬಾಟಲಿಗೆ ಅಂಟಿಸುವ ಚೀಟಿ ನೆನಪಾಗುತ್ತದೆ.

ತೊಡಕಿರುವುದು ‘ಇಂಡಿಪೆಂಡೆಂಟ್’ನಲ್ಲಿ. ‘ಸ್ವತಂತ್ರ’ ಅಂದರೆ ಯಾರಿಂದ ಸ್ವತಂತ್ರ ಅನ್ನುವ ಪ್ರಶ್ನೆ ಉಳಿಯುತ್ತದೆ. ಇಎಂಐ, ಸಿಬಿಎಸ್‌ನಂಥ ದೊಡ್ಡ ಕಂಪನಿಗಳ ಹಂಚಿಕೆ ಜಾಲ ಬಳಸದೆ ಅಂಗಡಿಗೆ ತಲುಪಿದ ರೆಕಾರ್ಡು ಇಂಡಿಪೆಂಡೆಂಟ್. 1980ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಇಂಡೀ ಮಾರಾಟಪಟ್ಟಿಗೂ (ಹೆಚ್ಚು ಮಾರಾಟವಾದ ಇಂಡಿಪೆಂಡೆಂಟ್ ರೆಕಾರ್ಡುಗಳ ಪಟ್ಟಿ) ಇದೇ ಅಳತೆ. ರಫ್ ಟ್ರೇಡ್ ಹುಟ್ಟಿದ್ದೂ ಅಂಗಡಿಯಾಗಿಯೇ. 1976ರಲ್ಲಿ ಜೆಫ್ ಟ್ರಾವಿಸ್ ಪಶ್ಚಿಮ ಲಂಡನ್ನಿನಲ್ಲಿ ಅದನ್ನು ತೆರೆದರು, 1978ರಲ್ಲಿ ರೆಕಾರ್ಡು ಹೊರತರಲು ಶುರುಮಾಡಿದರು. ಆಮೇಲೆ ಬೇರೆ ಊರುಗಳ ಹಂಚಿಕೆದಾರರ ಜೊತೆ ಸೇರಿ ‘ಕಾರ್ಟೆಲ್’ ಅನ್ನುವ ತಮ್ಮದೇ ಜಾಲ ಕಟ್ಟಿದರು. ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾಗುವುದು ಇದೇ ಭಾಗ. ಹಾಡು ಮಾಡುವುದಷ್ಟೇ ಅಲ್ಲ, ಅದನ್ನು ಊರೂರಿಗೆ ಮುಟ್ಟಿಸುವುದೂ ಅವರ ಕೈಯಲ್ಲೇ ಇತ್ತು.

ಹಾಗಾಗಿ ‘ಸಣ್ಣ ಕಂಪನಿ’ ಅಂದರೆ ತಪ್ಪಾಗುತ್ತದೆ. ಸ್ಮಿತ್ಸ್‌ನ ಎರಡನೇ ಸ್ಟುಡಿಯೋ ಆಲ್ಬಂ 1985ರಲ್ಲಿ ಇದೇ ರಫ್ ಟ್ರೇಡ್‌ನಿಂದ ಬಂದು, ಬ್ರಿಟನ್ನಿನ ಮುಖ್ಯ ಮಾರಾಟಪಟ್ಟಿಯಲ್ಲೇ ಮೊದಲ ಸ್ಥಾನಕ್ಕೆ ಏರಿತು. ಚುನಾವಣೆಯಲ್ಲಿ ನಾವು ಬಳಸುವ ‘ಪಕ್ಷೇತರ’ ನನಗೆ ಹಿಡಿಸಿದ ಪದ. ಯಾವುದಕ್ಕೆ ಸೇರಿಲ್ಲ ಅನ್ನುವುದನ್ನು ಅದು ನೇರವಾಗಿ ಹೇಳುತ್ತದೆ. ಆದರೆ ಕಂಪನಿಗೆ ಅದನ್ನು ಅಂಟಿಸಲು ಬರುವುದಿಲ್ಲ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ವರ್ಷ ಕಳೆದ ಹಾಗೆ ‘ಇಂಡೀ’ ಅಂದರೆ ವ್ಯಾಪಾರದ ರೀತಿ ಹೋಗಿ, ಗಿಟಾರ್ ತಂಡಗಳ ಒಂದು ನಾದಶೈಲಿಯ ಹೆಸರಾಯಿತು. ಎರಡು ಉದಾಹರಣೆ ನೋಡಿ. ಆಸ್ಟ್ರೇಲಿಯಾದ ಗಾಯಕಿ ಕೈಲಿ ಮಿನೋಗ್ 1980ರ ದಶಕದ ಕೊನೆಯಲ್ಲಿ ಹಾಡಿದ್ದು ಅಪ್ಪಟ ಡ್ಯಾನ್ಸ್ ಪಾಪ್. ಆದರೂ ಆ ಹಾಡುಗಳನ್ನು ತಂದ ಪಿಡಬ್ಲ್ಯೂಎಲ್ ಕಂಪನಿಯ ಹಂಚಿಕೆ ಸ್ವತಂತ್ರವಾಗಿದ್ದರಿಂದ ಅವು ಇಂಡೀ ಪಟ್ಟಿಗೆ ಸೇರಿದವು. ಇನ್ನು ಬ್ರಿಟನ್ನಿನ ಗಿಟಾರ್ ತಂಡ ಒಯಾಸಿಸ್‌ನ 1994ರ ಮೊದಲ ಆಲ್ಬಂ ಕೇಳಿದವರೆಲ್ಲ ಇಂಡೀ ಅನ್ನುತ್ತಾರೆ. ಆದರೆ ಅದನ್ನು ತಂದ ಕ್ರಿಯೇಷನ್ ಕಂಪನಿಯ ಸುಮಾರು ಅರ್ಧ ಪಾಲನ್ನು ದೊಡ್ಡ ಕಂಪನಿ ಸೋನಿ 1992ರಲ್ಲೇ ಕೊಂಡಿತ್ತು.

ಅಂದಮೇಲೆ ಎರಡಕ್ಕೂ ಒಂದೇ ಕನ್ನಡ ಪದ ಹಾಕಿದರೆ ಓದುವವರು ದಾರಿ ತಪ್ಪುತ್ತಾರೆ. ಕಂಪನಿಯ ವಿಷಯ ಬಂದಾಗ ‘ಸ್ವತಂತ್ರ ಆಡಿಯೋ ಕಂಪನಿ’ ಅಂತ ಬರೆದು, ಹಂಚಿಕೆಯ ವಿಷಯವನ್ನು ಮೊದಲ ಸಲವೇ ಒಂದು ಸಾಲಿನಲ್ಲಿ ಬಿಡಿಸಿ ಹೇಳುವುದು. ನಾದದ ವಿಷಯ ಬಂದಾಗ ‘ಇಂಡೀ ರಾಕ್’ ಅಂತಲೇ ಉಳಿಸಿಕೊಳ್ಳುವುದು. ಸದ್ಯ ನಾನು ಹೀಗೆ ಮಾಡಿದ್ದೇನೆ. ‘ಇಂಡೀ’ಯಲ್ಲಿ ದೀರ್ಘ ಬೇಕೇ ಬೇಕು. ಹ್ರಸ್ವದಲ್ಲಿ ‘ಇಂಡಿ’ ಅಂತ ಬರೆದರೆ ವಿಜಯಪುರ ಜಿಲ್ಲೆಯ ಇಂಡಿ, ಅಲ್ಲಿನ ನಿಂಬೆಹಣ್ಣು ಕಣ್ಣಮುಂದೆ ಬರುತ್ತವೆ.

‘ಸ್ವತಂತ್ರ’ಕ್ಕಿಂತ ಚೆನ್ನಾಗಿ ಹೊಂದುವ ಪದ ನಿಮಗೆ ಗೊತ್ತಾ? ಸಿನಿಮಾ, ಪುಸ್ತಕ ಪ್ರಕಾಶನದ ಕೆಲಸದಲ್ಲಿ ಇರುವವರು ಇಂಥ ಕಡೆ ಏನು ಬಳಸುತ್ತೀರಿ?