ಅಲ್ಯೂಮಿನಿಯಂ ಪಟ್ಟಿ, ಉಜ್ಜುವ ಮೆಷಿನ್ ಎಲ್ಲಾ ತಂದರೂ ಪ್ಲಾಸ್ಟರಿಂಗ್ ನಿಧಾನ, ಗೋಡೆ ಅಲೆ ಅಲೆ: ಎಲ್ಲಿ ತಪ್ಪುತ್ತಿದ್ದೇನೆ?

ತಿಪಟೂರು_ತೆಂಗು:

ಎಲ್ಲರಿಗೂ ನಮಸ್ಕಾರ. ನಾನು ಗಾರೆ ಕೆಲಸದವನಲ್ಲ. ವಾರವೆಲ್ಲ ಆಫೀಸು. ಶನಿವಾರ, ಭಾನುವಾರ ಮನೆ ಪಕ್ಕದಲ್ಲಿ ಒಂದು ರೂಮ್ ಕಟ್ಟುತ್ತಿದ್ದೇನೆ. 10 ಅಡಿಗೆ 12 ಅಡಿ, ಎತ್ತರ 10 ಅಡಿ. 6 ಇಂಚಿನ ಸಾಲಿಡ್ ಸಿಮೆಂಟ್ ಬ್ಲಾಕ್. ಗೋಡೆ ಕಟ್ಟುವಾಗ ಮೇಸ್ತ್ರಿ ಇದ್ದರು. ಒಳಗಿನ ಪ್ಲಾಸ್ಟರಿಂಗ್ ನಾನೇ ಮಾಡುತ್ತೇನೆ ಅಂತ ಹಟ ಹಿಡಿದೆ. ಈ ಕೆಲಸ ಕಲಿಯಬೇಕು ಅಂತ ತುಂಬಾ ದಿನದಿಂದ ಆಸೆ.

ಇಂಗ್ಲೆಂಡಿನವರ ವಿಡಿಯೋ ನೋಡಿ ಕೆಲವು ಸಾಮಾನು ತರಿಸಿದೆ. 6 ಅಡಿಯ ಅಲ್ಯೂಮಿನಿಯಂ ಪಟ್ಟಿ, 4 ಅಡಿ ಅಗಲದ ತೆಳು ಬ್ಲೇಡ್, ಕರೆಂಟಿನಲ್ಲಿ ತಿರುಗುವ ಉಜ್ಜುವ ಮೆಷಿನ್. ಮೆಷಿನ್ ಒಂದಕ್ಕೇ ಐದು ಸಾವಿರದ ಹತ್ತಿರ ಆಯಿತು. ಈಗ 12 ಅಡಿಯ ಗೋಡೆ ಒಂದು ಮುಗಿದಿದೆ. ಪೂರ್ತಿ ಎರಡು ದಿನ ಹಿಡಿಯಿತು. ಸಮಸ್ಯೆ ಹೀಗಿದೆ:

ಪಟ್ಟಿ ಎಳೆದರೆ ಗಾರೆ ಅದರ ಜೊತೆಗೇ ಕಳಚಿ ಬೀಳುತ್ತದೆ. ಕೆಲವು ಕಡೆ ಹೊಟ್ಟೆ ಬಿಟ್ಟುಕೊಂಡು ಜಾರುತ್ತದೆ. ಮೆಷಿನ್ ಹಿಡಿದರೆ ಸುತ್ತು ಸುತ್ತಾಗಿ ಗೀರು ಬೀಳುತ್ತದೆ, ಮರಳು ಕಿತ್ತು ಬರುತ್ತದೆ. ನೀರು ಹೊಡೆದು ಉಜ್ಜಿದರೆ ನುಣುಪಾಗುತ್ತದೆ, ಆದರೆ ಮಾರನೇ ದಿನ ಕೂದಲೆಳೆಯಂಥ ಬಿರುಕು. ಸಂಜೆ ಲೈಟ್ ಹಾಕಿದರೆ ಗೋಡೆ ಪೂರ್ತಿ ಅಲೆ ಅಲೆ ಕಾಣುತ್ತದೆ.

ಇನ್ನೂ ಒಳ್ಳೆಯ ಸಾಮಾನು ತರಬೇಕಾ? ಅಥವಾ ಇವುಗಳಿಂದ ಏನೂ ಪ್ರಯೋಜನ ಇಲ್ವಾ? ಉಳಿದ ಮೂರು ಗೋಡೆಯನ್ನಾದರೂ ಚೆನ್ನಾಗಿ ಮಾಡಬೇಕು.

ಕರಣೆಕೈ:

ತಮ್ಮಾ, ಫೋಟೋ ನೋಡಿದೆ. ಮೊದಲನೇ ಗೋಡೆಗೆ ಇದು ಕೆಟ್ಟದ್ದೇನಲ್ಲ. 22 ವರ್ಷದಿಂದ ಇದೇ ಕೆಲಸ ನನ್ನದು, ಮಂಡ್ಯ ಕಡೆ. ಸಾಮಾನಿನ ವಿಷಯ ಆಮೇಲೆ ಮಾತಾಡೋಣ. ಮೊದಲು ಇಷ್ಟು ಹೇಳಿ.

ಗಾರೆ ಹಚ್ಚುವ ಮುಂಚೆ ಗೋಡೆಗೆ ತೂಗುಗುಂಡು ಬಿಟ್ಟು ನೋಡಿದ್ರಾ? ಬಟನ್ ಹಾಕಿದ್ರಾ? ಒಂದು ಸಲಕ್ಕೆ ಎಷ್ಟು ಗಾರೆ ಕಲಸಿದಿರಿ? ಗೋಡೆಗೆ ನೀರು ಯಾವಾಗ, ಎಷ್ಟು ಹೊಡೆದಿರಿ? ಸ್ವಿಚ್ ಬಾಕ್ಸ್ ಹತ್ತಿರ ಗಾರೆಯ ದಪ್ಪ ಕಾಣುತ್ತದೆ ಅಲ್ವಾ, ಅಲ್ಲಿ ಟೇಪ್ ಹಿಡಿದು ಎಷ್ಟಿದೆ ಅಂತ ತಿಳಿಸಿ.

ತಿಪಟೂರು_ತೆಂಗು:

ಅಣ್ಣಾ, ತುಂಬಾ ಥ್ಯಾಂಕ್ಸ್. ಗುಂಡು ಬಿಡಲಿಲ್ಲ. ಪಟ್ಟಿ ನೇರ ಇದೆ, ಅದನ್ನು ಎಳೆದರೆ ಗೋಡೆಯೂ ನೇರ ಆಗುತ್ತದೆ ಅಂದುಕೊಂಡಿದ್ದೆ. ಬಟನ್ ಅಂದರೆ ಏನು ಗೊತ್ತಾಗಲಿಲ್ಲ. ಸಿಮೆಂಟ್ ಒಂದು ಮೂಟೆ ಪೂರ್ತಿ ಒಡೆದು 1ಕ್ಕೆ 6 ಮರಳು ಹಾಕಿ ಒಟ್ಟಿಗೇ ಕಲಸಿದೆ. ಗಟ್ಟಿಯಾದಾಗ ನೀರು ಹಾಕಿ ಮತ್ತೆ ತಿರುವಿಕೊಂಡೆ. ಗೋಡೆಗೆ ಬೆಳಗ್ಗೆ ಪೈಪ್ ಹಿಡಿದು ಚೆನ್ನಾಗಿ ನೆನೆಸಿ, ಕೂಡಲೇ ಶುರು ಮಾಡಿದೆ. ದಪ್ಪ ನಾಲ್ಕು ಕಡೆ ಅಳೆದೆ. 22ರಿಂದ 28 ಎಂ.ಎಂ. ಇದೆ.

ಕರಣೆಕೈ:

ಎಲ್ಲಾ ಇಲ್ಲೇ ಇದೆ.

ಪಟ್ಟಿ ನೇರ ಇದ್ದರೆ ಸಾಲದು. ಅದು ಕೂತು ಓಡುವುದಕ್ಕೆ ಎರಡು ಕಡೆ ಆಸರೆ ಬೇಕು. ಆ ಆಸರೆಯೇ ಬಟನ್. ಒಡೆದ ಟೈಲ್ಸಿನ ಎರಡೆರಡು ಇಂಚಿನ ಚೂರುಗಳನ್ನು ಗಾರೆ ಮುದ್ದೆಯ ಮೇಲೆ ಗೋಡೆಗೆ ಅಂಟಿಸಬೇಕು. ಮೊದಲು ಮೂಲೆಯಿಂದ ಮೂಲೆಗೆ ದಾರ ಕಟ್ಟಿ, ಗೋಡೆ ಎಲ್ಲಿ ಜಾಸ್ತಿ ಮುಂದೆ ಬಂದಿದೆ ನೋಡಿ. ಅಲ್ಲಿ 8ರಿಂದ 10 ಎಂ.ಎಂ. ಗಾರೆ ನಿಲ್ಲುವ ಹಾಗೆ ದಾರ ಹೊಂದಿಸಿ. ಮೇಲಿನ ಬಟನ್ ಆ ದಾರಕ್ಕೆ, ಕೆಳಗಿನದು ಗುಂಡಿನ ದಾರಕ್ಕೆ. ನಿಮ್ಮದು 6 ಅಡಿ ಪಟ್ಟಿ, ಹಾಗಾಗಿ ಬಟನ್‌ಗಳ ನಡುವೆ 5 ಅಡಿ ದಾಟಬಾರದು. ಇದನ್ನು ಹಿಂದಿನ ದಿನವೇ ಮಾಡಿಡಿ.

ಮಾರನೇ ದಿನ ಮೇಲಿನ ಬಟನ್‌ನಿಂದ ಕೆಳಗಿನ ಬಟನ್‌ವರೆಗೆ ಒಂದು ಅಂಗೈ ಅಗಲ ಗಾರೆ ಹಾಕಿ ನೇರ ಸಾಲು ಎಳೆಯಿರಿ. ಹಾಗೆ ಎರಡು ಸಾಲು ಎಳೆದು ಸ್ವಲ್ಪ ಬಿಗಿಯಲು ಬಿಟ್ಟು, ನಡುವಿನ ಜಾಗ ತುಂಬಿ ಪಟ್ಟಿಯನ್ನು ಎರಡೂ ಸಾಲಿನ ಮೇಲೆ ಓಡಿಸಬೇಕು. ಕೆಳಗಿನಿಂದ ಮೇಲಕ್ಕೆ, ಗರಗಸ ಎಳೆದ ಹಾಗೆ ಅತ್ತಿತ್ತ ಆಡಿಸುತ್ತಾ ಬನ್ನಿ. ಒತ್ತಬೇಡಿ. ತಗ್ಗು ಕಂಡ ಕಡೆ ಕರಣೆಯಿಂದ ಗಾರೆ ಎರಚಿ ಮತ್ತೆ ಒಂದು ಸಲ ಎಳೆಯಿರಿ. ಟೈಲ್ಸ್ ಚೂರು ತೆಗೆದು ಆ ಜಾಗವನ್ನೂ ಹಸಿ ಇರುವಾಗಲೇ ತುಂಬಿಬಿಡಿ.

ಒಂದು ಕೈಗೆ 15 ಎಂ.ಎಂ. ದಾಟಬೇಡಿ. 28 ಎಂ.ಎಂ. ಒಂದೇ ಸಲ ಮೆತ್ತಿದರೆ ತನ್ನ ಭಾರಕ್ಕೆ ತಾನೇ ಜಾರುತ್ತದೆ. ಹೊಟ್ಟೆ ಬಿಟ್ಟಿದ್ದು ಅದಕ್ಕೇ. ಆಳ ಇರುವ ಕಡೆ ಹಿಂದಿನ ದಿನ ತುಂಬಿ, ಕರಣೆ ತುದಿಯಲ್ಲಿ ಗೀರು ಹಾಕಿ ಒರಟು ಮಾಡಿ ಬಿಡಿ.

ನೀರಿನ ವಿಷಯಕ್ಕೆ ಬಂದರೆ, ಇಟ್ಟಿಗೆ ಗೋಡೆ ಜಾಸ್ತಿ ನೀರು ಕುಡಿಯುತ್ತದೆ. ಸಿಮೆಂಟ್ ಬ್ಲಾಕ್ ಅಷ್ಟು ಕುಡಿಯುವುದಿಲ್ಲ. ಅದನ್ನು ಪೈಪ್ ಹಿಡಿದು ತೋಯಿಸಿದರೆ ಮೇಲೆ ನೀರು ನಿಂತು ಗಾರೆ ಕಚ್ಚುವುದಿಲ್ಲ. ಪಟ್ಟಿ ಜೊತೆ ಕಳಚಿ ಬಂದಿದ್ದಕ್ಕೆ ಇದೂ ಒಂದು ಕಾರಣ. ಚಿಮುಕಿಸಿ, ನೀರಿನ ಹೊಳಪು ಹೋಗುವವರೆಗೆ ಕಾಯಿರಿ. ಕೈ ಇಟ್ಟರೆ ತಂಪಾಗಿರಬೇಕು, ಒದ್ದೆ ಅಂಟಬಾರದು.

ಮಣ್ಣುಮರಳು:

ಮೇಸ್ತ್ರಿಯವರು ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ನಾನು ಧಾರವಾಡದಲ್ಲಿ ಸೈಟ್ ಎಂಜಿನಿಯರ್. ವೇಗ ಎಲ್ಲಿ ಹೋಯಿತು ಅಂತ ಈ ಲೆಕ್ಕ ನೋಡಿದರೆ ಗೊತ್ತಾಗುತ್ತದೆ.

ನಿಮ್ಮ ಗೋಡೆ 120 ಚದರಡಿ, ಅಂದರೆ 11 ಚದರ ಮೀಟರಿಗೆ ಸ್ವಲ್ಪ ಜಾಸ್ತಿ. ಗಾರೆ 1 ಎಂ.ಎಂ. ದಪ್ಪ ಆದರೆ 11 ಲೀಟರ್ ಬೇಕು. ಒಳಗೋಡೆಗೆ 12 ಎಂ.ಎಂ. ಸಾಕಿತ್ತು. ನಿಮ್ಮದು ಸರಾಸರಿ 25. ಹೆಚ್ಚಾದ 13 ಎಂ.ಎಂ.ಗೆ 145 ಲೀಟರ್ ಗಾರೆ ಹೋಗಿದೆ. ಒಂದು ಲೀಟರ್ ಹಸಿ ಗಾರೆ ಸುಮಾರು 2 ಕೆ.ಜಿ. ತೂಗುತ್ತದೆ. ಹತ್ತಿರ ಹತ್ತಿರ 300 ಕೆ.ಜಿ. ಗಾರೆಯನ್ನು ನೀವು ಸುಮ್ನೆ ಕಲಸಿ, ಎತ್ತಿ, ಗೋಡೆಗೆ ಹಚ್ಚಿದ್ದೀರಿ. ಯಾವ ಮೆಷಿನ್ ಬಂದರೂ ಆ ಹೊತ್ತನ್ನು ವಾಪಸ್ ಕೊಡುವುದಿಲ್ಲ. ಒಂದು ದಾರ, ಒಂದು ಗುಂಡು ಇದ್ದಿದ್ದರೆ ಅಷ್ಟೂ ಉಳಿಯುತ್ತಿತ್ತು.

ಇನ್ನು ಒಂದು ಮೂಟೆ ಒಟ್ಟಿಗೇ ಕಲಸಿದ್ದು. 50 ಕೆ.ಜಿ. ಸಿಮೆಂಟ್ ಅಂದರೆ 35 ಲೀಟರ್. ಅದಕ್ಕೆ ಆರು ಪಾಲು ಮರಳು ಸೇರಿದರೆ ಒಬ್ಬರ ಕೈಯಲ್ಲಿ ಅರ್ಧ ದಿನಕ್ಕೂ ಮುಗಿಯುವುದಿಲ್ಲ. ಸಿಮೆಂಟ್ ನೀರು ಮುಟ್ಟಿದ ಅರ್ಧ ಗಂಟೆಯ ಮೇಲೆ ಯಾವಾಗ ಬೇಕಾದರೂ ಬಿಗಿಯಲು ಶುರುವಾಗಬಹುದು. ಬಿಗಿಯುತ್ತಿರುವ ಗಾರೆಗೆ ಮತ್ತೆ ನೀರು ಹಾಕಿ ತಿರುವಿದರೆ ಮೆತ್ತಗಾಗುತ್ತದೆ, ಆದರೆ ಶಕ್ತಿ ಹೋಗಿರುತ್ತದೆ. ಒಣಗುವಾಗ ಕುಗ್ಗಿ ಬಿರುಕೂ ಬಿಡುತ್ತದೆ.

5 ಲೀಟರಿನ ಒಂದು ಡಬ್ಬ ಇಟ್ಟುಕೊಳ್ಳಿ. ಒಂದು ಡಬ್ಬ ಸಿಮೆಂಟಿಗೆ ಆರು ಡಬ್ಬ ಮರಳು. 12 ಎಂ.ಎಂ. ದಪ್ಪಕ್ಕೆ ಸುಮಾರು 25 ಚದರಡಿ ಆಗುತ್ತದೆ. ಸಲಿಕೆ ಲೆಕ್ಕ ಬೇಡ, ಒಂದೊಂದು ಸಲಿಕೆಗೂ ಒಂದೊಂದು ಅಳತೆ ಬರುತ್ತದೆ. ಮರಳನ್ನು ಜರಡಿ ಹಿಡಿದೇ ಹಾಕಿ. ಒಂದೇ ಒಂದು ಕಲ್ಲು ಸಿಕ್ಕಿದರೂ ಪಟ್ಟಿಯ ಕೆಳಗೆ ಉದ್ದಕ್ಕೆ ಗೀರು ಬೀಳುತ್ತದೆ.

ಆ 4 ಅಡಿ ಬ್ಲೇಡ್ ಬಗ್ಗೆ. ನೀವು ನೋಡಿದ ವಿಡಿಯೋದಲ್ಲಿ ಅವರು ಹಚ್ಚುವುದು ಜಿಪ್ಸಮ್. ಗೋಡೆ ಮೊದಲೇ ಮಟ್ಟವಾಗಿರುತ್ತದೆ, ಮೇಲೆ 2 ಎಂ.ಎಂ. ತೆಳು ಪದರ ಅಷ್ಟೇ. ಬ್ಲೇಡ್ ಆ ಕೆಲಸಕ್ಕೆ ನಿಜವಾಗಿಯೂ ಒಳ್ಳೆಯದು. ಸಿಮೆಂಟ್ ಮರಳಿನ ಮೇಲೆ ಎಳೆದರೆ ಅದರ ಅಂಚು ಸವೆದು ಹಾಳಾಗುತ್ತದೆ. ತೊಳೆದು ಎತ್ತಿಡಿ, ಗೋಡೆ ಒಣಗಿದ ಮೇಲೆ ಪುಟ್ಟಿ ಹಚ್ಚಲು ಬೇಕಾಗುತ್ತದೆ.

ಮಸ್ಕತ್_ಕನ್ನಡಿಗ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಸಾಮಾನಿನಿಂದ ಕೌಶಲ ಬರುವುದಿಲ್ಲ ಅಂತ ಮೇಸ್ತ್ರಿಗಳು ಹೇಳುವುದನ್ನು ತುಂಬಾ ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಇಲ್ಲಿನ ಸೈಟಿನಲ್ಲಿ ಬಾಗಿಲು, ಕಿಟಕಿ ಅಂಚಿಗೆಲ್ಲ ಲೋಹದ ಮೂಲೆ ಪಟ್ಟಿ ಕೂರಿಸುತ್ತೇವೆ. ಹೊಸ ಹುಡುಗರೂ ಮೊದಲ ವಾರದಿಂದಲೇ ನೇರ ಅಂಚು ತೆಗೆಯುತ್ತಾರೆ. ಬರೀ ಪಟ್ಟಿ, ಕರಣೆಯಲ್ಲಿ ಅಂಥ ಅಂಚು ತೆಗೆಯಲು ನನಗೆ ವರ್ಷ ಹಿಡಿದಿತ್ತು. ನೇರ ಅಂಚು ಹೇಗಿರುತ್ತದೆ ಅಂತ ಕಣ್ಣಿಗೆ ಮೊದಲೇ ಅಭ್ಯಾಸವಾದರೆ ಕೈ ಬೇಗ ಕಲಿಯುತ್ತದೆ. ಗೋಡೆ ಮೇಲೆ ಬೆಳಕಿನ ನೇರ ಗೆರೆ ಬಿಡುವ ಲೇಸರ್ ಲೆವೆಲ್ ಕೂಡ ಹಾಗೇ. ಬಟನ್ ಹಾಕುವ ಹೊತ್ತು ಅರ್ಧಕ್ಕರ್ಧ ಉಳಿಯುತ್ತದೆ.

ಗಾರೆ ಎರಚುವ ಪಂಪ್ ಮೆಷಿನ್ ಮಾತ್ರ ಸಾವಿರಾರು ಚದರಡಿ ಇದ್ದಾಗ ಸರಿ. ಒಂದು ರೂಮಿಗೆ ತಂದರೆ ಅದನ್ನು ತೊಳೆಯುವುದರಲ್ಲೇ ಸಂಜೆ ಆಗುತ್ತದೆ.

ಕರಣೆಕೈ:

ಮೂಲೆ ಪಟ್ಟಿ ವಿಷಯ ಒಪ್ಪಿದೆ ಸರ್. ಲೇಸರ್ ನಾನೂ ತಗೊಂಡಿದ್ದೇನೆ, ಎರಡು ವರ್ಷ ಆಯಿತು. ಆದರೆ ಗಾರೆ ಎಷ್ಟು ಬಿಗಿದಿದೆ ಅಂತ ಹೇಳುವ ಸಾಮಾನು ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ಅದನ್ನು ಬೆರಳೇ ಹೇಳಬೇಕು.

ತಮ್ಮಾ, ನಿಮ್ಮ ಉಜ್ಜುವ ಮೆಷಿನ್ ಕೆಟ್ಟದ್ದಲ್ಲ, ನೀವು ಬೇಗ ಹಿಡಿದಿರಿ. ಹೆಬ್ಬೆರಳು ಒತ್ತಿ ನೋಡಿ. ಗುರುತು ಮೂಡಬೇಕು, ಬೆರಳಿಗೆ ಗಾರೆ ಮೆತ್ತಬಾರದು. ಆಗ ಉಜ್ಜುವ ಹೊತ್ತು. ಅದಕ್ಕೆ ಮುಂಚೆ ತಿರುಗಿಸಿದರೆ ಮರಳು ಕಿತ್ತು ಬರುತ್ತದೆ. ಹೊತ್ತು ಮೀರಿದರೆ ನೀರು ಸುರಿದು ಉಜ್ಜಬೇಕಾಗುತ್ತದೆ. ಜಾಸ್ತಿ ನೀರಾದರೆ ಸಿಮೆಂಟ್ ಹಾಲು ಮೇಲೆ ಬಂದು ಮಾರನೇ ದಿನ ಕೂದಲು ಬಿರುಕು. ಬಿಸಿಲು, ಗಾಳಿ, ಬ್ಲಾಕ್, ಮರಳು ನೋಡಿಕೊಂಡು ಈ ಹೊತ್ತು ದಿನಕ್ಕೊಂದು ಥರ ಇರುತ್ತದೆ. ಗಡಿಯಾರ ನೋಡಿ ಹೇಳಲು ಆಗುವುದಿಲ್ಲ. ಮುಂದಿನ ಎರಡು ಗೋಡೆ ಮರದ ಹಲಗೆಯಲ್ಲೇ ಉಜ್ಜಿ. ಹಲಗೆ ಎಲ್ಲಿ ಹಿಡಿಯುತ್ತದೆ, ಎಲ್ಲಿ ಜಾರುತ್ತದೆ ಅಂತ ಮೊಣಕೈಗೆ ಗೊತ್ತಾಗುತ್ತದೆ. ಮೆಷಿನ್ನಿನಲ್ಲಿ ಅದು ಗೊತ್ತಾಗುವುದಿಲ್ಲ.

ಕರಣೆಯಲ್ಲಿ ಎರಚುವುದು ಬರಬೇಕಾದರೆ ಸುಣ್ಣ, ಮರಳು ಮಾತ್ರ ಕಲಸಿ. ಸಿಮೆಂಟ್ ಬೇಡ. ಹಿತ್ತಲ ಗೋಡೆಗೆ ಎರಚಿ, ಪಟ್ಟಿ ಎಳೆದು, ಕೆರೆದು ಬಾಂಡ್ಲಿಗೆ ಹಾಕಿಕೊಂಡು ಮತ್ತೆ ಎರಚಿ. ಬೇಗ ಬಿಗಿಯುವುದಿಲ್ಲ, ದಿನವೆಲ್ಲ ಅದೇ ಗಾರೆ ಸಾಕು. ಎರಚುವಾಗ ತೋಳು ಬೀಸಬೇಡಿ, ಮಣಿಕಟ್ಟು ತಿರುಗಬೇಕು. ಗೋಡೆಗೆ ಬಡಿದಾಗ ಚಪ್ಪಟೆ ಸದ್ದು ಬಂದರೆ ಕಚ್ಚಿತು ಅಂತ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಸುಣ್ಣ ಸುಡುತ್ತದೆ. ಇದನ್ನು ಮರೆಯಬೇಡಿ.

ತಿಪಟೂರು_ತೆಂಗು:

ಎರಡು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಮೊದಲ ಶನಿವಾರ ಪೂರ್ತಿ ಸುಣ್ಣ, ಮರಳಿನಲ್ಲಿ ಅಭ್ಯಾಸ ಮಾಡಿದೆ. ಮಧ್ಯಾಹ್ನದವರೆಗೆ ಅರ್ಧ ನೆಲಕ್ಕೇ ಬಿತ್ತು. ಸಂಜೆ ಹೊತ್ತಿಗೆ ಹತ್ತು ಎರಚಿದರೆ ಏಳೆಂಟು ಕಚ್ಚತೊಡಗಿತು. ಅಣ್ಣ ಹೇಳಿದ ಆ ಸದ್ದು ಕೇಳಿಸಿದಾಗ ಆದ ಖುಷಿ ಹೇಳತೀರದು.

ಈ ಶುಕ್ರವಾರ ಸಂಜೆ 10 ಅಡಿಯ ಗೋಡೆಗೆ ಬಟನ್ ಹಾಕಿದೆ. ದಾರ ಕಟ್ಟಿದಾಗ ಗೋಡೆ ನಡುವೆ 9 ಎಂ.ಎಂ. ಮುಂದೆ ಬಂದಿರುವುದು ಕಾಣಿಸಿತು. ಬರಿಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬಟನ್‌ಗೇ ಒಂದೂವರೆ ಗಂಟೆ ಹೋಯಿತು. ಆಳ ಇದ್ದ ಮೂಲೆಯನ್ನು ಆಗಲೇ ತುಂಬಿ ಗೀರು ಹಾಕಿಟ್ಟೆ. ಶನಿವಾರ ಅಪ್ಪ ಡಬ್ಬ ಲೆಕ್ಕದಲ್ಲಿ ಗಾರೆ ಕಲಸಿಕೊಟ್ಟರು. ಆರೂವರೆ ಗಂಟೆಯಲ್ಲಿ 100 ಚದರಡಿ ಮುಗಿಯಿತು! ಪಟ್ಟಿ ಎಳೆದಾಗ ಗಾರೆ ಕಳಚಲಿಲ್ಲ. ಉಜ್ಜಿದ್ದು ಹಲಗೆಯಲ್ಲೇ. ಸಂಜೆ ಲೈಟ್ ಹಾಕಿ ನೋಡಿದೆ. ಒಂದೇ ಕಡೆ ಸಣ್ಣ ತಗ್ಗು, ಉಳಿದಂತೆ ಅಲೆ ಇಲ್ಲ.

ಒಂದು ಸಮಸ್ಯೆ ಉಳಿದಿದೆ. ಮೂಲೆಯಲ್ಲಿ ಕಾಂಕ್ರೀಟ್ ಪಿಲ್ಲರ್ ಇದೆ. ಅದು ಬ್ಲಾಕ್‌ಗೆ ಸೇರುವ ಕಡೆ ಮೇಲಿನಿಂದ ಕೆಳಗೆ ನೇರವಾಗಿ ಒಂದು ಬಿರುಕು ಬಂದಿದೆ. ಹಿಂದಿನ ಕೂದಲು ಬಿರುಕಿನ ಥರ ಇಲ್ಲ. ಫೋಟೋ ಹಾಕಿದ್ದೇನೆ.

ಕರಣೆಕೈ:

ಗೋಡೆ ಚೆನ್ನಾಗಿ ಬಂದಿದೆ ತಮ್ಮಾ, ಶಹಬ್ಬಾಸ್. ಈ ಬಿರುಕು ನಿಮ್ಮ ಕೈಯಿಂದ ಆಗಿದ್ದಲ್ಲ. ಕಾಂಕ್ರೀಟ್ ಮತ್ತು ಬ್ಲಾಕ್ ಬಿಸಿಲಿಗೆ, ತಂಪಿಗೆ ಒಂದೇ ಥರ ಹಿಗ್ಗಿ ಕುಗ್ಗುವುದಿಲ್ಲ. ಸೇರುವ ಕಡೆ ಎಳೆಯುತ್ತದೆ. ಅಲ್ಲಿ ಚಿಕನ್ ಮೆಶ್, ಅಂದರೆ ತೆಳು ತಂತಿಯ ಬಲೆ ಬೇಕಿತ್ತು, ನಾನೇ ಮೊದಲೇ ಹೇಳಬೇಕಿತ್ತು.

ಬಿರುಕಿನ ಎರಡೂ ಕಡೆ ಆರಾರು ಇಂಚು ಗಾರೆ ಬಿಡಿಸಿ. ಪಿಲ್ಲರ್ ನುಣುಪಾಗಿದ್ದರೆ ಉಳಿಯಿಂದ ಹತ್ತಿರ ಹತ್ತಿರ ಕಚ್ಚು ಹಾಕಿ. ಮೆಶ್ ಬಿಗಿಯಾಗಿ ಎಳೆದು ಮೊಳೆ ಹೊಡೆಯಿರಿ. ಸಡಿಲ ಇದ್ದರೆ ಗಾರೆ ಒಳಗೆ ಹೋಗದೆ ಟೊಳ್ಳಾಗುತ್ತದೆ. ಅಂಚಿಗೆ ನೀರು ಚಿಮುಕಿಸಿ, ಸಿಮೆಂಟ್ ತಿಳಿ (ನೀರಲ್ಲಿ ಕದಡಿದ ಸಿಮೆಂಟ್) ಬಳಿದು, ಅದು ಒಣಗುವ ಮುಂಚೆ ಗಾರೆ ತುಂಬಿ.

ಗೋಡೆಗೆ ಏಳು ದಿನ ನೀರು ಹೊಡೆಯುವುದನ್ನು ತಪ್ಪಿಸಬೇಡಿ. ನೀವು ಆಫೀಸಿಗೆ ಹೋದಾಗ ಮನೆಯವರಿಗೆ ಹೇಳಿಹೋಗಿ. ಹಳೆಯ 12 ಅಡಿ ಗೋಡೆಯನ್ನು ಕರಣೆ ಹಿಡಿಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಮಾತ್ರ ಕಿತ್ತು ಮತ್ತೆ ಮಾಡಿ, ಉಳಿದಿದ್ದಕ್ಕೆ ಪುಟ್ಟಿ ಸಾಕು.

ತಿಪಟೂರು_ತೆಂಗು:

ತಟ್ಟಿ ನೋಡಿದೆ ಅಣ್ಣಾ. ಕಿಟಕಿ ಕೆಳಗೆ ಎರಡು ಅಡಿ ಅಗಲ ಟೊಳ್ಳು, ಉಳಿದದ್ದು ಗಟ್ಟಿ ಇದೆ. ಮೆಶ್ ತಂದಾಯಿತು. ಮುಂದಿನ ಶನಿವಾರ ಈ ಪಿಲ್ಲರ್ ಮೂಲೆ, ಕಿಟಕಿ ಕೆಳಗಿನ ಜಾಗ ಎರಡನ್ನೂ ಸರಿ ಮಾಡಿ ಮೂರನೇ ಗೋಡೆಗೆ ಬಟನ್ ಹಾಕುತ್ತೇನೆ. ಮೆಷಿನ್ನನ್ನು ಕೊನೆಯ ಗೋಡೆಗೆ ಇಟ್ಟುಕೊಂಡಿದ್ದೇನೆ. ಬೆರಳು ಒತ್ತಿ ನೋಡಿಯೇ ಆನ್ ಮಾಡುತ್ತೇನೆ.