ಬಾರ್ನಕಲ್ ಮತ್ತು ನಕ್ಷತ್ರಮೀನಿನ ಪಳೆಯುಳಿಕೆಗಳ ಬಿಡಿ ತುಣುಕುಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯ ಸದಸ್ಯರಿಗೆ ಹಾಸನದಿಂದ ನಮಸ್ಕಾರಗಳು.

ಇಲ್ಲಿನ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದವರು ಪಳೆಯುಳಿಕೆಗಳ ಪ್ರದರ್ಶನವೊಂದನ್ನು ಏರ್ಪಡಿಸುತ್ತಿದ್ದು, ಬಾರ್ನಕಲ್ (ಕಡಲಿನ ಬಂಡೆ, ಮರದ ದಿಮ್ಮಿಗಳಿಗೆ ಅಂಟಿಕೊಂಡು ಬದುಕುವ, ಗಟ್ಟಿ ಕವಚದ ಸಣ್ಣ ಪ್ರಾಣಿ) ಮತ್ತು ನಕ್ಷತ್ರಮೀನುಗಳ ವಿಕಾಸವನ್ನು ಕುರಿತ ಭಾಗಕ್ಕೆ ಕನ್ನಡ ವಿವರಣೆಗಳನ್ನು ಬರೆದುಕೊಡುವಂತೆ ನನ್ನನ್ನು ಕೇಳಿದ್ದಾರೆ. ಪ್ರಾಣಿಗಳ ಹೆಸರಿನ ಮಟ್ಟಿಗೆ ಹೇಗೋ ಒಂದು ತೀರ್ಮಾನಕ್ಕೆ ಬರಬಹುದು. ಆ ಪ್ರಾಣಿಗಳ ಒಡಲಿನಿಂದ ಕಳಚಿ ಬಿದ್ದ ತುಣುಕುಗಳನ್ನು ಏನೆಂದು ಕರೆಯಬೇಕು ಎಂಬಲ್ಲಿ ಮಾತ್ರ ಬರವಣಿಗೆ ನಿಂತಿದೆ. ಈ ಪತ್ರದ ಮುಖ್ಯ ಪ್ರಶ್ನೆ ಅದೇ.

ತುಣುಕಿಗೆ ಇಷ್ಟೊಂದು ಮಹತ್ವವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಬಾರ್ನಕಲ್ ಮತ್ತು ನಕ್ಷತ್ರಮೀನು ಪ್ರಾಣಿಲೋಕದಲ್ಲಿ ಒಂದಕ್ಕೊಂದು ಬಹಳ ದೂರದವು. ಮೊದಲನೆಯದು ಸಿಗಡಿ ಮತ್ತು ಏಡಿಗಳ ಬಳಗದ್ದು, ಎರಡನೆಯದು ಕಂಟಕಚರ್ಮಿಗಳ, ಎಂದರೆ ಮುಳ್ಳುಚರ್ಮದ ಕಡಲಪ್ರಾಣಿಗಳ, ಗುಂಪಿನದು. ಆದರೂ ಪಳೆಯುಳಿಕೆಗಳನ್ನು ಅಭ್ಯಾಸ ಮಾಡುವವರಿಗೆ ಇವೆರಡೂ ಒಡ್ಡುವ ಕಷ್ಟ ಒಂದೇ ಬಗೆಯದು. ಎರಡರ ಒಡಲಿನಲ್ಲೂ ಸುಣ್ಣದ ಅನೇಕ ತುಣುಕುಗಳಿದ್ದು, ಅವನ್ನು ಮೃದುವಾದ ಅಂಗಾಂಶ ಹಿಡಿದಿಟ್ಟಿರುತ್ತದೆ. ಪ್ರಾಣಿ ಸತ್ತ ಕೆಲವೇ ದಿನಗಳಲ್ಲಿ ಆ ಅಂಗಾಂಶ ಕೊಳೆತು, ನಕ್ಷತ್ರಮೀನಿನ ನೂರಾರು ತುಣುಕುಗಳು ಕಡಲ ತಳದಲ್ಲಿ ಚೆಲ್ಲಾಪಿಲ್ಲಿಯಾಗುತ್ತವೆ. ಬಿರುಗಾಳಿ ಎಬ್ಬಿಸಿದ ಹೂಳು ಪ್ರಾಣಿಯನ್ನು ಇದ್ದಕ್ಕಿದ್ದಂತೆ ಮುಚ್ಚಿದಂಥ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಇಡೀ ನಕ್ಷತ್ರ ಕಲ್ಲಿನಲ್ಲಿ ಉಳಿಯುತ್ತದೆ. ಇಂಗ್ಲೆಂಡಿನ ದಕ್ಷಿಣದಲ್ಲಿ ಸುಮಾರು 10 ಕೋಟಿಯಿಂದ 7 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ ರೂಪುಗೊಂಡ ಸೀಮೆಸುಣ್ಣದ ಕಲ್ಲಿನಲ್ಲಿ ಈ ಎರಡೂ ಪ್ರಾಣಿಗಳ ತುಣುಕುಗಳು ಹೇರಳವಾಗಿ ಸಿಗುತ್ತವೆ. ವಿದ್ವಾಂಸರು ಆ ಕಲ್ಲನ್ನು ಪುಡಿಗಟ್ಟಿ, ತೊಳೆದು, ಜರಡಿ ಹಿಡಿದು, ಸೂಕ್ಷ್ಮದರ್ಶಕದ ಕೆಳಗೆ ತುಣುಕುಗಳನ್ನು ಒಂದೊಂದಾಗಿ ಆರಿಸುತ್ತಾರೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಬಿದ್ದಿರುವ ಒಂಟಿ ಕಲ್ಲನ್ನು ನೋಡಿ, ಇದು ಆನೆಗಳ ಸಾಲಿನದು, ಇದು ಮಕರಗಳ ಸಾಲಿನದು ಎಂದು ಬಲ್ಲವರು ಗುರುತಿಸುವ ಹಾಗೆ, ಅವರು ಒಂದು ತುಣುಕಿನ ಆಕಾರ ಮತ್ತು ಅದರ ಮೇಲಿನ ಕುಳಿಗಳಿಂದ ಪ್ರಾಣಿಯ ಕುಲವನ್ನು ಹೇಳುತ್ತಾರೆ. ಹೀಗೆ ವಿಕಾಸದ ಕಥೆಯೆಲ್ಲ ಈ ತುಣುಕುಗಳ ಮೇಲೆ ನಿಂತಿರುವಾಗ ಅವುಗಳಿಗೆ ಸರಿಯಾದ ಹೆಸರಿಲ್ಲದಿದ್ದರೆ ವಿವರಣೆಯ ಎರಡನೆಯ ವಾಕ್ಯವನ್ನೂ ಬರೆಯಲಾಗುವುದಿಲ್ಲ.

ಸದ್ಯಕ್ಕೆ ನನ್ನ ಮುಂದಿರುವ ಕರಡಿನಲ್ಲಿ ಎರಡಕ್ಕೂ ‘ಫಲಕ’ ಎಂದೇ ಇದೆ. ಇದಕ್ಕೆ ನನ್ನ ಆಕ್ಷೇಪ ಎರಡು. ಮೊದಲನೆಯದಾಗಿ, ಫಲಕವೆಂದ ಕೂಡಲೇ ನಮ್ಮ ವಿದ್ಯಾರ್ಥಿಗಳ ಕಣ್ಣಿಗೆ ಬರುವುದು ಅಂಗಡಿಯ ನಾಮಫಲಕ. ಇದು ಸಣ್ಣ ಆಕ್ಷೇಪ. ಎರಡನೆಯದು ಹೆಚ್ಚು ಗಂಭೀರವಾದದ್ದು: ಹುಟ್ಟುವ ರೀತಿಯಲ್ಲೇ ಬೇರೆಯಾದ ಎರಡು ವಸ್ತುಗಳನ್ನು ಈ ಒಂದು ಹೆಸರು ಬೆರೆಸಿಬಿಡುತ್ತದೆ. ಬಾರ್ನಕಲ್ಲಿನ ತುಣುಕು ಒಡಲಿನ ಹೊರಗಿನ ಕವಚ. ಅದರ ಒಳಬದಿಯ ಪೊರೆ ಸುಣ್ಣವನ್ನು ಸ್ರವಿಸುತ್ತದೆ. ತುಣುಕು ತನ್ನ ಅಂಚಿನಲ್ಲಿ ಗೆರೆಗೆರೆಯಾಗಿ ಬೆಳೆಯುತ್ತದೆ. ಒಳಗಿನ ಪ್ರಾಣಿ ಏಡಿಯ ಹಾಗೆ ಆಗಾಗ ಪೊರೆ ಕಳಚಿದರೂ ಈ ಕವಚವನ್ನು ಕಳಚುವುದಿಲ್ಲ. ನಕ್ಷತ್ರಮೀನಿನ ತುಣುಕಾದರೋ ಚರ್ಮದ ಒಳಗೆ ಹುಟ್ಟುವಂಥದ್ದು. ಅದರ ರಚನೆ ಸೂಕ್ಷ್ಮ ರಂಧ್ರಗಳ ಜಾಲರಿಯಂತಿದ್ದು, ಜೀವವಿರುವಾಗ ಆ ರಂಧ್ರಗಳಲ್ಲಿ ಅಂಗಾಂಶ ತುಂಬಿರುತ್ತದೆ. ಅದಕ್ಕಿಂತಲೂ ಸೋಜಿಗದ ಸಂಗತಿಯೆಂದರೆ, ಇಷ್ಟೆಲ್ಲ ರಂಧ್ರಗಳಿದ್ದರೂ ಆ ಇಡೀ ತುಣುಕು ಕ್ಯಾಲ್ಸೈಟ್ ಖನಿಜದ ಒಂದೇ ಹರಳಿನಂತೆ ವರ್ತಿಸುತ್ತದೆ. ಕಲ್ಲಾದ ಮೇಲೆ ರಂಧ್ರಗಳಲ್ಲೂ ಅದೇ ಖನಿಜ ತುಂಬಿಕೊಳ್ಳುವುದರಿಂದ, ಒಡೆದಾಗ ಹೊಳೆಯುವ ಸಪಾಟು ಮುಖಗಳು ಕಾಣಿಸುತ್ತವೆ. ಸಣ್ಣ ಚೂರೊಂದನ್ನು ಕಂಡಾಗಲೂ ಇದು ಕಂಟಕಚರ್ಮಿಯದೆಂದು ಗುರುತಿಸಲು ಇದೊಂದು ಗಟ್ಟಿ ಲಕ್ಷಣ.

ಆದ್ದರಿಂದ ಬಾರ್ನಕಲ್ಲಿನ ತುಣುಕಿಗೆ ‘ಬಿಲ್ಲೆ’ ಎಂದೂ ನಕ್ಷತ್ರಮೀನಿನ ತುಣುಕಿಗೆ ‘ಹರಳೆಲುಬು’ ಎಂದೂ ಬಳಸಬಹುದೇ ಎಂಬುದು ನನ್ನ ಸೂಚನೆ. ಎರಡನೆಯದಕ್ಕೆ ‘ಅಸ್ಥಿಕೆ’ ಎಂಬ ಸಂಸ್ಕೃತ ರೂಪವನ್ನು ಒಬ್ಬ ಮಿತ್ರರು ಸೂಚಿಸಿದರು. ಅದು ಚಿಕ್ಕದಾಗಿದೆ, ವ್ಯಾಕರಣಕ್ಕೂ ಒಪ್ಪುತ್ತದೆ. ಆದರೆ ಒಳಗಿನದು ಎಂಬುದನ್ನಷ್ಟೇ ಹೇಳಿ, ಹರಳಿನ ಸಂಗತಿಯನ್ನು ಬಿಟ್ಟುಬಿಡುತ್ತದೆ. ‘ಎಲುಬು’ ಎನ್ನುವುದಕ್ಕೂ ತಕರಾರು ಬರಬಹುದು, ಏಕೆಂದರೆ ನಮ್ಮ ಎಲುಬಿನ ಖನಿಜ ಫಾಸ್ಫೇಟು, ನಕ್ಷತ್ರಮೀನಿನದು ಕಾರ್ಬೊನೇಟು. ಆ ತಕರಾರನ್ನು ನಾನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಒಡಲಿನೊಳಗಿನ ಗಟ್ಟಿ ಆಧಾರ ಎಂಬ ಅರ್ಥವೇ ಇಲ್ಲಿ ಮುಖ್ಯ.

ಬಾರ್ನಕಲ್ಲಿಗೆ ‘ಚಿಪ್ಪು’ ಎನ್ನಬಾರದೇ ಎಂದು ಕೇಳುವವರಿಗೆ ಒಂದು ಹಳೆಯ ಪ್ರಸಂಗವನ್ನು ನೆನಪಿಸಬೇಕು. ಪ್ರಾಣಿಗಳ ವರ್ಗೀಕರಣಕ್ಕೆ ಹೆಸರಾದ ಲಿನೇಯಸ್ ಮತ್ತು ಕುವಿಯೇ ಇಬ್ಬರೂ ಆ ಹೊರಗಿನ ಚಿಪ್ಪನ್ನು ನೋಡಿ ಬಾರ್ನಕಲ್‌ಗಳನ್ನು ಮೃದ್ವಂಗಿಗಳ ಜೊತೆಗೆ, ಎಂದರೆ ಶಂಖ ಮತ್ತು ಕಪ್ಪೆಚಿಪ್ಪುಗಳ ಜೊತೆಗೆ ಇರಿಸಿದ್ದರು. ಐರ್ಲೆಂಡಿನ ಕಾರ್ಕ್‌ನಲ್ಲಿ ಸೇನಾ ವೈದ್ಯರಾಗಿದ್ದ ಜಾನ್ ವಾನ್ ಥಾಂಪ್ಸನ್ ಅವರು, ನೀರಿನಲ್ಲಿ ಈಜಾಡುವ ಮರಿಗಳು ಒಂದೆಡೆ ಅಂಟಿಕೊಂಡು ಬಾರ್ನಕಲ್ ಆಗುವುದನ್ನು ಕಣ್ಣಾರೆ ಕಂಡು 1830ರಲ್ಲಿ ಪ್ರಕಟಿಸಿದ ಮೇಲೆ ಇವು ಸಿಗಡಿಗಳ ಬಳಗದವೆಂಬುದು ತಿಳಿಯಿತು. ಮರಿ ಸಿಗಡಿಯ ಮರಿಯಂತಿದೆ, ದೊಡ್ಡದು ತಲೆಯನ್ನು ಕಲ್ಲಿಗಂಟಿಸಿ ಕಾಲುಗಳನ್ನು ಹೊರಚಾಚಿ ಆಹಾರ ಬಾಚಿಕೊಳ್ಳುತ್ತದೆ. ಇಷ್ಟು ಕಷ್ಟಪಟ್ಟು ಬಿಡಿಸಿದ ಗಂಟನ್ನು ‘ಚಿಪ್ಪುಜೀವಿ’ ಎಂಬ ಒಂದು ಮಾತಿನಿಂದ ಕನ್ನಡದಲ್ಲಿ ಮತ್ತೆ ಹಾಕುವುದು ಸರಿಯಲ್ಲವೆಂದು ನನ್ನ ಭಾವನೆ.

ತುಣುಕುಗಳ ಹೆಸರಿನ ಕಾಟ ನಮಗೆ ಮಾತ್ರ ಬಂದದ್ದಲ್ಲ. 1835ರಲ್ಲಿ ಚಿಲಿಯ ಕರಾವಳಿಯಲ್ಲಿ, ಮೃದ್ವಂಗಿಯೊಂದರ ಚಿಪ್ಪನ್ನು ಕೊರೆದು ಒಳಗೆ ಕುಳಿತಿದ್ದ ಅತಿ ಸಣ್ಣ ಬಾರ್ನಕಲ್ಲೊಂದು ಡಾರ್ವಿನ್ ಅವರ ಕೈಗೆ ಸಿಕ್ಕಿತು. ಅದನ್ನು ಅರ್ಥ ಮಾಡಿಕೊಳ್ಳಲು 1846ರಲ್ಲಿ ಆರಂಭಿಸಿದ ಕೆಲಸ 1854ರವರೆಗೆ ಬೆಳೆಯಿತು. ಅದರಿಂದ ಹುಟ್ಟಿದ ನಾಲ್ಕು ಸಂಪುಟಗಳಲ್ಲಿ ಎರಡು ಬದುಕಿರುವ ಜಾತಿಗಳನ್ನು ಕುರಿತವು, ಎರಡು ಪಳೆಯುಳಿಕೆಗಳನ್ನು ಕುರಿತವು. ಅವರಿಗಿಂತ ಹಿಂದಿನವರು ಒಂದೇ ಬಿಲ್ಲೆಯನ್ನು ಬೇರೆ ಬೇರೆ ಹೆಸರುಗಳಿಂದ ಕರೆದಿದ್ದರಿಂದ, ಬಿಲ್ಲೆಗಳ ಹೆಸರುಗಳನ್ನು ಸ್ಥಿರಗೊಳಿಸುವುದು ಅವರ ಕೆಲಸದ ಒಂದು ಭಾಗವೇ ಆಯಿತು. ಇಂದಿಗೂ ಬಳಕೆಯಲ್ಲಿರುವ ಸ್ಕ್ಯೂಟಮ್, ಟರ್ಗಮ್, ಕರೈನಾ, ರಾಸ್ಟ್ರಮ್ ಎಂಬ ಲ್ಯಾಟಿನ್ ಹೆಸರುಗಳಿಗೆ ಅನುಕ್ರಮವಾಗಿ ಗುರಾಣಿ, ಬೆನ್ನು, ದೋಣಿಯ ತಳದ ಉದ್ದಮರ ಮತ್ತು ಕೊಕ್ಕು ಎಂದು ಅರ್ಥ. ಗುರಾಣಿಬಿಲ್ಲೆ, ಬೆನ್ನುಬಿಲ್ಲೆ, ಕೊಕ್ಕುಬಿಲ್ಲೆ ಎಂದು ಮೂರನ್ನು ನಾನು ಹಾಗೆಯೇ ಕನ್ನಡಿಸಿದ್ದೇನೆ. ನಾಲ್ಕನೆಯದಕ್ಕೆ ದೋಣಿ ಕಟ್ಟುವವರ ಮಾತು ಬೇಕು. ಹೇಮಾವತಿಯ ದಂಡೆಯವರಾದ ನಮ್ಮ ಹರಿಗೋಲಿಗೆ ತಳದ ಉದ್ದಮರವೇ ಇಲ್ಲ! ಮಂಗಳೂರು, ಮಲ್ಪೆ, ಕಾರವಾರಗಳ ಕಡೆಯ ಸದಸ್ಯರು ತಮ್ಮ ಕಡೆ ಬಳಕೆಯಲ್ಲಿರುವ ಪದವನ್ನು ದಯವಿಟ್ಟು ತಿಳಿಸಬೇಕು.

ಬಂಡೆಗೆ ನೇರವಾಗಿ ಅಂಟಿ ಕೂರುವ ಬಾರ್ನಕಲ್‌ಗಳಲ್ಲಿ ಇನ್ನೊಂದು ಭೇದವನ್ನೂ ಕಾಣಿಸಬೇಕಾಗಿದೆ. ಸುತ್ತಲೂ ಗೋಡೆಯಾಗಿ ನಿಂತ ಬಿಲ್ಲೆಗಳು ಒಂದು ಬಗೆ, ಮೇಲಿನ ಬಾಯನ್ನು ತೆರೆದು ಮುಚ್ಚುವ ಬಿಲ್ಲೆಗಳು ಇನ್ನೊಂದು ಬಗೆ. ಗೋಡೆಬಿಲ್ಲೆ, ಕದಬಿಲ್ಲೆ ಎಂಬ ಜೋಡಿ ಇದಕ್ಕೆ ಸಾಕೆನಿಸುತ್ತದೆ. ಸತ್ತ ಮೇಲೆ ಗೋಡೆ ಬಹುಕಾಲ ನಿಲ್ಲುತ್ತದೆ, ಕದ ಬೇಗ ಉದುರಿಹೋಗುತ್ತದೆ. ಜಾತಿಯನ್ನು ಖಚಿತವಾಗಿ ಗುರುತಿಸಲು ಮಾತ್ರ ಅನೇಕ ವೇಳೆ ಉದುರಿಹೋದ ಕದವೇ ಬೇಕಾಗುತ್ತದೆ.

ಇನ್ನು ಪ್ರಾಣಿಗಳ ಹೆಸರು. ‘ಬಾರ್ನಕಲ್’ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳುವುದು ಒಳ್ಳೆಯದು. ಇಂಗ್ಲಿಷಿನಲ್ಲೂ ಅದು ಮೊದಲು ಒಂದು ಬಗೆಯ ಹೆಬ್ಬಾತಿನ ಹೆಸರಾಗಿತ್ತು. ಕಡಲಿನಲ್ಲಿ ತೇಲುವ ಮರದ ದಿಮ್ಮಿಗಳಿಗೆ ಅಂಟಿದ ಈ ಪ್ರಾಣಿಗಳಿಂದಲೇ ಆ ಹಕ್ಕಿ ಹುಟ್ಟುತ್ತದೆಂಬ ಮಧ್ಯಯುಗದ ನಂಬಿಕೆಯಿಂದಾಗಿ ಹಕ್ಕಿಯ ಹೆಸರು ಪ್ರಾಣಿಗೂ ಬಂತು. ಅಷ್ಟು ಅಡ್ಡದಾರಿಯಲ್ಲಿ ಬಂದ ಹೆಸರನ್ನು ಅನುವಾದಿಸಿ ಪ್ರಯೋಜನವಿಲ್ಲ. ನಕ್ಷತ್ರಮೀನು ಮೀನಲ್ಲವಾದರೂ ಹೆಸರು ಬಳಕೆಯಲ್ಲಿ ಬೇರೂರಿದೆ. ತಮಿಳಿನಲ್ಲಿ ಆಕಾಶದ ನಕ್ಷತ್ರವೇ ‘ವಿಣ್‌ಮೀನ್’ ಆಗಿರುವಾಗ ನಾವು ಈ ಮೀನನ್ನು ಹೊರಗಟ್ಟಲು ಅವಸರಪಡಬೇಕಾಗಿಲ್ಲ. ಆದರೆ ತೋಳುಗಳು ತೆಳ್ಳಗೆ ಹಾವಿನಂತಿದ್ದು ಮುಟ್ಟಿದರೆ ಮುರಿಯುವ ಅದರ ಬಂಧುವನ್ನು ಅದೇ ಹೆಸರಿನಿಂದ ಕರೆಯಬಾರದು. ಅದಕ್ಕೆ ‘ಮುರುಕುತೋಳಿ’ ಎಂದು ಬರೆದಿದ್ದೇನೆ. ಇಂಗ್ಲೆಂಡಿನ ಡಾರ್ಸೆಟ್ ಕರಾವಳಿಯಲ್ಲಿ ‘ನಕ್ಷತ್ರಮೀನಿನ ಪದರ’ ಎಂದು ಹೆಸರಾದ ಜುರಾಸಿಕ್ ಶಿಲಾಪದರದಲ್ಲಿ ಇರುವವು ಹೆಚ್ಚಾಗಿ ಮುರುಕುತೋಳಿಗಳೇ.

ಪದಗಳಿಗಿಂತ ವಾಕ್ಯಕ್ಕೆ ಸಂಬಂಧಿಸಿದ ಪ್ರಶ್ನೆಯೊಂದಿದೆ. ನಮ್ಮ ‘ಇಲ್ಲದ’ ಎಂಬ ಮಾತು ಎಂದೂ ಇರದದ್ದನ್ನೂ ಇದ್ದು ಹೋದದ್ದನ್ನೂ ಒಂದೇ ತೆರನಾಗಿ ಹೇಳುತ್ತದೆ. ದಿನಬಳಕೆಯಲ್ಲಿ ಇದರಿಂದ ತೊಂದರೆಯಿಲ್ಲ, ವಿಕಾಸವನ್ನು ವಿವರಿಸುವಾಗ ಇದೆ. ಬಾರ್ನಕಲ್‌ಗಳಲ್ಲಿ ತೊಟ್ಟಿನಂಥ ಕಾಂಡದ ತುದಿಯಲ್ಲಿ ಒಡಲಿರುವವು ಹಳೆಯವು. ಬಂಡೆಗೆ ನೇರ ಅಂಟುವವು ಅವುಗಳಿಂದ ಇಳಿದುಬಂದು ಕ್ರಿಟೇಷಿಯಸ್ ಯುಗದಲ್ಲಿ ಕಾಣಿಸಿಕೊಂಡವು. ಮುಂದೆ ಅವುಗಳ ಗೋಡೆಬಿಲ್ಲೆಗಳೂ ಹಲವು ಕವಲುಗಳಲ್ಲಿ ಎಂಟರಿಂದ ಆರಕ್ಕೆ, ನಾಲ್ಕಕ್ಕೆ ಇಳಿದವು. ಕೆಲವೆಡೆ ಬಿಲ್ಲೆಗಳು ಬೆಸೆದುಕೊಂಡವು, ಕೆಲವೆಡೆ ಮಾಯವಾದವು. ಆದ್ದರಿಂದ ‘ತೊಟ್ಟಿಲ್ಲದ ಬಾರ್ನಕಲ್’ ಎನ್ನುವುದಕ್ಕಿಂತ ‘ತೊಟ್ಟಳಿದ ಬಾರ್ನಕಲ್’ ಎನ್ನುವುದು ಚರಿತ್ರೆಗೆ ಹತ್ತಿರ. ನಕ್ಷತ್ರಮೀನಿನಲ್ಲಿ ಈ ಭೇದವೇ ವಾದದ ವಿಷಯವಾಗಿದೆ. ಸುಮಾರು 25.2 ಕೋಟಿ ವರ್ಷಗಳ ಹಿಂದಿನ ಮಹಾ ವಿನಾಶದಲ್ಲಿ ಹಳೆಯ ಕವಲುಗಳು ಬಹುಪಾಲು ಅಳಿದು, ಉಳಿದ ಕಿರಿದಾದ ಕವಲಿನಿಂದ ಇಂದಿನ ನಕ್ಷತ್ರಮೀನುಗಳು ಹಬ್ಬಿದವು. ಇವುಗಳಲ್ಲಿ ಒಂದು ಗುಂಪಿಗೆ ಕೊಳವೆಗಾಲಿನ (ತೋಳಿನ ಅಡಿಯಲ್ಲಿರುವ ಕೊಳವೆಯಂಥ ಪುಟ್ಟ ಕಾಲಿನ) ತುದಿಯಲ್ಲಿ ಹೀರುಬಟ್ಟಲಿಲ್ಲ. ಬಾರ್ನಕಲ್ ಮತ್ತು ನಕ್ಷತ್ರಮೀನು ಎರಡರ ಪಳೆಯುಳಿಕೆಗಳಲ್ಲೂ ಪಳಗಿದ ಆಂಡ್ರ್ಯೂ ಗೇಲ್ ಅವರು 1987ರಲ್ಲಿ ಆ ಗುಂಪು ಇಂದಿನ ನಕ್ಷತ್ರಮೀನುಗಳ ವಂಶವೃಕ್ಷದ ಬುಡದಲ್ಲೇ ಬೇರೆಯಾದದ್ದೆಂದು ವಾದಿಸಿದರು. ಅದೇ ವರ್ಷ ಡೇನಿಯಲ್ ಬ್ಲೇಕ್ ಅವರು, ಮೆತ್ತನೆಯ ಕಡಲತಳದ ಬದುಕಿಗೆ ಹೊಂದಿಕೊಂಡ ಆ ಗುಂಪು ಬುಡದ್ದಲ್ಲ, ಆ ಲಕ್ಷಣ ಅದಕ್ಕೆ ಆಮೇಲೆ ಬಂದದ್ದು ಎಂದರು. ಮೊದಲನೆಯವರ ಮತವನ್ನು ಬರೆಯುವಾಗ ‘ಹೀರುಬಟ್ಟಲಿರದ’ ಎಂದೂ ಎರಡನೆಯವರದನ್ನು ಬರೆಯುವಾಗ ‘ಹೀರುಬಟ್ಟಲಳಿದ’ ಎಂದೂ ಬರೆದರೆ ಓದುಗರಿಗೆ ವ್ಯತ್ಯಾಸ ಹೊಳೆಯುತ್ತದೆಯೇ, ಅಥವಾ ಬಿಡಿಸಿಯೇ ಹೇಳಬೇಕೇ? ‘ಕಳೆದುಕೊಂಡ’ ಎಂಬ ಮಾತನ್ನು ಬೇಕೆಂದೇ ಬಿಟ್ಟಿದ್ದೇನೆ, ಅದರಲ್ಲಿ ನಷ್ಟದ ಧ್ವನಿಯಿದೆ. ಏಡಿಯ ಒಡಲೊಳಗೆ ಬೇರಿನಂತೆ ಹರಡಿಕೊಂಡು ಬದುಕುವ ಸ್ಯಾಕ್ಯುಲೈನಾ ಎಂಬ ಬಾರ್ನಕಲ್ ಬಂಧುವಿಗೆ ಕಾಲೂ ಇಲ್ಲ, ಬಿಲ್ಲೆಯೂ ಇಲ್ಲ. ಆದರೂ ಅದರ ಬದುಕು ಸುಖವಾಗಿ ಸಾಗಿದೆ, ನಷ್ಟವೇನಿದ್ದರೂ ಏಡಿಯದು.

ಕೊನೆಯದು ‘ಪೂರ್ವಜ’ ಎಂಬ ಪದದ ಬಳಕೆ. ಹಾಸನದ ನೆಲದಲ್ಲಿ ಇಂಥ ಪ್ರಾಣಿಗಳ ಕುರುಹೇನೂ ಸಿಗುವಂತಿಲ್ಲ. ಗೊರೂರಿನ ಗ್ನೈಸ್ ಶಿಲೆಯೂ ನುಗ್ಗೇಹಳ್ಳಿಯ ಕ್ರೋಮೈಟ್ ಇರುವ ಶಿಲೆಗಳೂ 300 ಕೋಟಿ ವರ್ಷಗಳಿಗಿಂತ ಹಳೆಯವು. ಪ್ರಾಣಿಗಳೇ ಆಗ ಇರಲಿಲ್ಲ. ಹಾಗಾಗಿ ಪ್ರದರ್ಶನದಲ್ಲಿ ಮೊರಾಕ್ಕೊದ ಫೆಝುವಾಟಾ ಶಿಲೆಯಲ್ಲಿ ದೊರೆತು 2021ರಲ್ಲಿ ವರ್ಣಿತವಾದ, ಸುಮಾರು 48 ಕೋಟಿ ವರ್ಷ ಹಳೆಯದಾದ ಕ್ಯಾಂಟಬ್ರಿಜಿಯಾಸ್ಟರ್‌ನ ಚಿತ್ರವನ್ನು ಇಡುತ್ತಿದ್ದಾರೆ. ಕರಡಿನಲ್ಲಿ ಅದನ್ನು ‘ನಕ್ಷತ್ರಮೀನುಗಳ ಪೂರ್ವಜ’ ಎಂದು ಕರೆದಿದೆ. ಒಂದು ಪಳೆಯುಳಿಕೆಯಿಂದಲೇ ಇಂದಿನವೆಲ್ಲ ನೇರವಾಗಿ ಹುಟ್ಟಿದವೆಂದು ಹೇಳಲು ಆಧಾರವಿಲ್ಲ. ಅದು ನಕ್ಷತ್ರಮೀನು ಮತ್ತು ಮುರುಕುತೋಳಿಗಳ ಕವಲು ಒಡೆಯುವ ಬುಡದ ಹತ್ತಿರದ್ದು ಎಂದಷ್ಟೇ ಹೇಳಬಹುದು. ಮೂಲಪುರುಷ ಒಬ್ಬನೇ ಆಗಿ, ಸಾಲು ಮಾತ್ರ ಬೇರೆಯಾದ ಇಂಥ ನಂಟಿಗೆ ಕನ್ನಡದಲ್ಲಿ ‘ದಾಯಾದಿ’ ಎಂಬ ಸಿದ್ಧ ಪದವೇ ಇದೆ. ಅರ್ಥಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಆದರೆ ನಮ್ಮ ಕಡೆ ದಾಯಾದಿ ಎಂದರೆ ಜಮೀನಿನ ವ್ಯಾಜ್ಯವೇ ಮೊದಲು ನೆನಪಾಗುವುದರಿಂದ, ‘ಹಳೆಯ ದಾಯಾದಿ’ ಎಂದು ಬರೆದರೆ ವಿದ್ಯಾರ್ಥಿಗಳು ನಕ್ಕಾರೆಂದು ವಿಭಾಗದವರು ಹಿಂಜರಿಯುತ್ತಿದ್ದಾರೆ. ನನಗೆ ಆ ಹಿಂಜರಿಕೆಯಿಲ್ಲ. ಶಾಸ್ತ್ರದ ಬರವಣಿಗೆಯಲ್ಲಿ ಈ ಪದವನ್ನು ಇದೇ ಅರ್ಥದಲ್ಲಿ ಬಳಸಿದ ಉದಾಹರಣೆಗಳು ಸದಸ್ಯರ ಗಮನಕ್ಕೆ ಬಂದಿದ್ದರೆ, ವಿವರಣೆಗಳು ಅಚ್ಚಿಗೆ ಹೋಗುವ ಮೊದಲು ತಿಳಿಸಬೇಕೆಂದು ಕೋರುತ್ತೇನೆ.